ದಿನವೂ ನಡೆಯುವ ಬೀದಿ: ಛಾಯಾಗ್ರಹಣ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಬೀದಿ ಛಾಯಾಗ್ರಹಣದ ಬಗ್ಗೆ ಬಂದ ಪತ್ರಗಳಲ್ಲಿ ಕ್ಯಾಮೆರಾದ ಮಾದರಿ, ಲೆನ್ಸಿನ ಬೆಲೆ ಕೇಳಿದವನ್ನು ಬದಿಗಿಟ್ಟು, ನೋಡುವುದರ ಬಗ್ಗೆ ಕೇಳಿದವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಒಂದೇ ರಸ್ತೆಯಲ್ಲಿ ನಡೆದು ಕಚೇರಿಗೆ ಹೋಗುತ್ತಿದ್ದೇನೆ. ಕ್ಯಾಮೆರಾ ಕೊಂಡ ಮೇಲೆ ಅದೇ ರಸ್ತೆಯಲ್ಲಿ ಚಿತ್ರ ತೆಗೆಯಲು ಹೊರಟರೆ ತೆಗೆಯುವಂಥದ್ದು ಏನೂ ಕಾಣುವುದಿಲ್ಲ. ಬೇರೆ ಊರಿಗೆ ಹೋದಾಗ ಮಾತ್ರ ಕೈ ಚುರುಕಾಗುತ್ತದೆ. ಇದು ನನ್ನ ಕಣ್ಣಿನ ದೋಷವೋ, ರಸ್ತೆಯ ದೋಷವೋ?

ಉತ್ತರ: ಎರಡರದ್ದೂ ಅಲ್ಲ, ರೂಢಿಯದು. ದಿನವೂ ನಡೆಯುವ ದಾರಿಯಲ್ಲಿ ಕಣ್ಣು ಕಾಲಿಗೆ ಬೇಕಾದಷ್ಟನ್ನು ಮಾತ್ರ ನೋಡುತ್ತದೆ: ಎಲ್ಲಿ ಗುಂಡಿ, ಎಲ್ಲಿ ತಿರುವು, ಬರುತ್ತಿರುವುದು ಯಾವ ಬಸ್ಸು. ಉಳಿದದ್ದನ್ನೆಲ್ಲ ಅದು ಬಿಟ್ಟುಬಿಡುತ್ತದೆ. ಹಾಗೆ ಬಿಡದಿದ್ದರೆ ನೀವು ಹೊತ್ತಿಗೆ ಸರಿಯಾಗಿ ಕಚೇರಿ ಸೇರುವುದೇ ಕಷ್ಟವಾಗುತ್ತಿತ್ತು. ಪರವೂರಿನಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದು ಕಣ್ಣಿಗಿನ್ನೂ ತಿಳಿದಿರುವುದಿಲ್ಲವಾದ್ದರಿಂದ ಅದು ಎಲ್ಲವನ್ನೂ ನೋಡುತ್ತದೆ. ಆದರೆ ಅಲ್ಲಿ ತೆಗೆದ ಚಿತ್ರಗಳನ್ನು ಒಮ್ಮೆ ಹರಡಿಕೊಂಡು ನೋಡಿ. ಅವುಗಳಲ್ಲಿ ಬಹುಪಾಲು ನಿಮಗೆ ಹೊಸದಾಗಿ ಕಂಡದ್ದರ ಚಿತ್ರಗಳೇ ಹೊರತು ಆ ಬೀದಿಯ ಒಳಗನ್ನು ತಿಳಿದು ತೆಗೆದವಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಛಾಯಾಗ್ರಾಹಕರಷ್ಟು ನಂಬಿ ಕೆಟ್ಟವರು ಬೇರೆ ಇಲ್ಲ. ಸಾಲ್ ಲೈಟರ್ 1952ರಲ್ಲಿ ನ್ಯೂಯಾರ್ಕಿನ ಈಸ್ಟ್ ವಿಲೇಜಿನ ಒಂದು ಕಟ್ಟಡಕ್ಕೆ ಬಂದು ನೆಲೆಸಿದವರು 2013ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಅವರ ಬೀದಿ ಚಿತ್ರಗಳಲ್ಲಿ ಎಷ್ಟೋ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ತೆಗೆದವು. ಆವಿ ಕಟ್ಟಿದ ಗಾಜು, ಅದರಾಚೆ ಮಸುಕಾಗಿ ನಿಂತ ಒಬ್ಬ ಮನುಷ್ಯ, ಹಿಮದಲ್ಲಿ ಒಂದು ಕೆಂಪು ಕೊಡೆ, ಇಷ್ಟೇ. ಅವರಿಗಿಂತ ಹಿಂದೆ ಪ್ಯಾರಿಸ್ಸಿನಲ್ಲಿ ಒಂದು ಕಾಲಕ್ಕೆ ನಟನಾಗಿದ್ದ ಯೂಜೀನ್ ಆಜೆ, ಭಾರವಾದ ಮರದ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು, 1927ರಲ್ಲಿ ಸಾಯುವವರೆಗೂ ಆ ಒಂದೇ ನಗರದ ಅಂಗಡಿಯ ಕಿಟಕಿಗಳು, ಮೆಟ್ಟಿಲುಗಳು, ಒಳ ಅಂಗಳಗಳನ್ನು ಸಾವಿರಾರು ಚಿತ್ರಗಳಲ್ಲಿ ದಾಖಲಿಸುತ್ತಲೇ ಇದ್ದರು. ತಾವು ಮಾಡುತ್ತಿರುವುದು ಕಲೆಯೆಂದು ಅವರು ಹೇಳಿಕೊಳ್ಳಲಿಲ್ಲ. ಕಲಾವಿದರಿಗೆ ಬೇಕಾಗುವ ದಾಖಲೆಗಳು ಎಂದು ಬರೆದು ಮಾರುತ್ತಿದ್ದರು.

ನಿಮಗೆ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ನಿಮ್ಮ ರಸ್ತೆಯಲ್ಲಿ ಒಂದು ಜಾಗವನ್ನು, ತಿರುವೋ ಬಸ್ ನಿಲ್ದಾಣವೋ ಯಾವುದಾದರೂ ಸರಿ, ಆರಿಸಿಕೊಂಡು ನಾಲ್ಕು ವಾರಗಳ ಕಾಲ ದಿನವೂ ಅದೇ ಅರ್ಧ ಗಂಟೆ ಅಲ್ಲಿ ನಿಲ್ಲಿ. ಮೊದಲ ವಾರ ಕಾಣುವುದು ಫಲಕಗಳು, ವಾಹನಗಳು ಮತ್ತು ನಿಮ್ಮದೇ ಬೇಸರ. ಎರಡನೆಯ ವಾರದಲ್ಲಿ ಮುಖಗಳು ಮರಳಿ ಬರತೊಡಗುತ್ತವೆ. ಬಿಸಿಲು ಎಷ್ಟು ಹೊತ್ತಿಗೆ ಯಾವ ಗೋಡೆಯನ್ನು ಬಿಟ್ಟು ಯಾವ ಗೋಡೆಗೆ ಹೋಗುತ್ತದೆ, ಎದುರಿನ ಗಾಜಿನಿಂದ ಮರಳಿದ ಬೆಳಕು ಯಾವ ಘಳಿಗೆಯಲ್ಲಿ ನಡೆಯುವವರ ಮುಖದ ಮೇಲೆ ಬೀಳುತ್ತದೆ ಎಂಬುದು ಮೂರನೆಯ ವಾರದ ಹೊತ್ತಿಗೆ ಬಾಯಿಪಾಠವಾಗುತ್ತದೆ. ಚಿತ್ರ ಶುರುವಾಗುವುದು ಅಲ್ಲಿಂದ.

ನಾನು ಹೀಗೆ ಒಂದು ನಿಲ್ದಾಣದ ಬಳಿ ನಿಂತಿದ್ದಾಗ ಒಂದು ವಿಚಿತ್ರವನ್ನು ಕಂಡೆ. ಪಾದಚಾರಿ ಮಾರ್ಗದಲ್ಲಿ ಒಂದು ಕಲ್ಲು ಒಡೆದಿತ್ತು. ಅದನ್ನು ಸರಿಪಡಿಸಿ ತಿಂಗಳುಗಳೇ ಆಗಿದ್ದವು. ಆದರೂ ದಿನವೂ ಅಲ್ಲಿ ಓಡಾಡುವವರು ಆ ಜಾಗಕ್ಕೆ ಬಂದಾಗ ಹೆಜ್ಜೆಯನ್ನು ಸ್ವಲ್ಪ ಉದ್ದ ಮಾಡಿ ದಾಟುತ್ತಿದ್ದರು. ಹೊಸಬರು ಸೀದಾ ಕಲ್ಲಿನ ಮೇಲೆಯೇ ನಡೆಯುತ್ತಿದ್ದರು. ಇಲ್ಲದ ಗುಂಡಿಯೊಂದು ಹಳಬರ ಕಾಲುಗಳಲ್ಲಿ ಮಾತ್ರ ಉಳಿದುಕೊಂಡಿತ್ತು! ಅದನ್ನು ಚಿತ್ರವಾಗಿಸಲು ಹದಿನೈದು ದಿನ ಹೆಣಗಾಡಿದೆ, ಆಗಲಿಲ್ಲ. ಚಿತ್ರದಲ್ಲಿ ಕಾಣುತ್ತಿದ್ದುದು ಉದ್ದ ಹೆಜ್ಜೆ ಹಾಕಿದ ಒಬ್ಬ ಮನುಷ್ಯ ಅಷ್ಟೇ. ಕಾರಣ ಚಿತ್ರದ ಹೊರಗೆ, ಕಳೆದುಹೋದ ಕಾಲದಲ್ಲಿತ್ತು. ಗಮನಿಸಿದ್ದೆಲ್ಲವೂ ಚಿತ್ರವಾಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ನಿಮ್ಮ ರಸ್ತೆಯ ಮೇಲಿನ ಮುನಿಸು ಅರ್ಧ ಇಳಿಯುತ್ತದೆ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕವೂ ಇರಲಿ. ಅಂಥವನ್ನು ಅದರಲ್ಲಿ ಬರೆದಿಡಿ.

ಪ್ರಶ್ನೆ: ನನ್ನಲ್ಲಿರುವುದು ಮೊಬೈಲ್ ಮಾತ್ರ. ವಿದ್ಯಾರ್ಥಿಯಾದ ನನಗೆ ಸದ್ಯಕ್ಕೆ ಕ್ಯಾಮೆರಾ ಕೊಳ್ಳುವ ಶಕ್ತಿಯಿಲ್ಲ. ಕಾಯಬೇಕೇ?

ಉತ್ತರ: ಬೇಡ. ಹಗಲಿನ ಬೀದಿಗೆ ಮೊಬೈಲ್ ಧಾರಾಳವಾಗಿ ಸಾಕು. ಅದರ ಸಂವೇದಕ, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಭಾಗ, ಚಿಕ್ಕದು; ಲೆನ್ಸಿನ ನಿಜವಾದ ನಾಭಿದೂರ (ಲೆನ್ಸಿನ ಹೆಸರಿನಲ್ಲಿ ಮಿ.ಮೀ.ಗಳಲ್ಲಿ ಹೇಳುವ ಅಳತೆ) ಕೆಲವೇ ಮಿಲಿಮೀಟರುಗಳದ್ದು. ಆದ್ದರಿಂದ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಫುಟವಾಗಿ ಬರುತ್ತವೆ. ದೊಡ್ಡ ಕ್ಯಾಮೆರಾದವರು ಇದಕ್ಕಾಗಿ ಲೆಕ್ಕ ಹಾಕಬೇಕಾಗುತ್ತದೆ. ಅದು ಸೋಲುವುದು ಕತ್ತಲಾದ ಮೇಲೆ, ಚಲಿಸುವವರನ್ನು ಹಿಡಿಯುವಾಗ. ಎರಡು ಬೆರಳಿನಿಂದ ಹಿಗ್ಗಿಸಿ ದೂರದವರನ್ನು ಹತ್ತಿರ ತರುವ ಗೋಜಿಗೆ ಹೋಗಬೇಡಿ, ನೀವೇ ಎರಡು ಹೆಜ್ಜೆ ಮುಂದೆ ಹೋಗಿ. ಹೊರಡುವ ಮೊದಲು ಲೆನ್ಸನ್ನು ಒರೆಸಿ. ಬೆರಳಿನ ಜಿಡ್ಡು ಕೆಡಿಸಿದಷ್ಟು ಚಿತ್ರಗಳನ್ನು ಅಗ್ಗದ ಫೋನುಗಳು ಕೆಡಿಸಿಲ್ಲ.

ಪ್ರಶ್ನೆ: ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಕ್ಷಣ ಕಳೆದುಹೋಗಿರುತ್ತದೆ. ನಿರ್ಣಾಯಕ ಕ್ಷಣವನ್ನು ಹಿಡಿಯುವ ವೇಗವನ್ನು ಬೆಳೆಸಿಕೊಳ್ಳುವುದು ಹೇಗೆ?

ಉತ್ತರ: ‘ನಿರ್ಣಾಯಕ ಕ್ಷಣ’ ಎಂಬ ಮಾತು ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ಅವರ 1952ರ ಪುಸ್ತಕದ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಫ್ರೆಂಚಿನಲ್ಲಿ ಅದರ ಹೆಸರು ಬೇರೆಯೇ ಇತ್ತು. ಪರವಾನಗಿ ಇಲ್ಲದೆ ಬೀದಿಯಲ್ಲಿ ಸರಕು ಹರಡಿ, ಯಾರಾದರೂ ಬಂದರೆ ಗಂಟು ಕಟ್ಟಿಕೊಂಡು ಓಡಲು ಸಿದ್ಧನಾಗಿರುವ ವ್ಯಾಪಾರಿಯ ಬಗ್ಗೆ ಫ್ರೆಂಚರು ಬಳಸುವ ಮಾತನ್ನೇ ಅಲ್ಲಿ ಚಿತ್ರಗಳಿಗೆ ಹಚ್ಚಲಾಗಿತ್ತು. ಆ ಹೆಸರಿನಲ್ಲಿದ್ದ ತುಂಟತನ ಇಂಗ್ಲಿಷಿಗೆ ಬರುವಷ್ಟರಲ್ಲಿ ಮಾಯವಾಗಿ ಅದರ ಜಾಗದಲ್ಲಿ ಒಂದು ಗಾಂಭೀರ್ಯ ಬಂದು ಕುಳಿತಿತು, ಅಂದಿನಿಂದ ಹೊಸಬರೆಲ್ಲರೂ ತಮಗೆ ಮಿಂಚಿನ ವೇಗವಿಲ್ಲವೆಂದು ಕೊರಗುತ್ತಿದ್ದಾರೆ.

1932ರಲ್ಲಿ ಪ್ಯಾರಿಸ್ಸಿನ ಸ್ಯಾಂ-ಲಾಜಾರ್ ರೈಲು ನಿಲ್ದಾಣದ ಹಿಂದೆ ಅವರು ತೆಗೆದ, ನೀರಿನ ಮೇಲೆ ಜಿಗಿಯುತ್ತಿರುವ ಮನುಷ್ಯನ ಚಿತ್ರವನ್ನು ನೀವು ನೋಡಿರಬಹುದು. ಹಲಗೆಯ ಬೇಲಿಯ ಸಂದಿನಿಂದ ತೆಗೆದ ಆ ಚಿತ್ರದಲ್ಲಿ ಬೇಲಿಯೂ ಒಂದು ಬದಿಗೆ ಬಂದಿದ್ದರಿಂದ ಅದನ್ನು ಕತ್ತರಿಸಬೇಕಾಯಿತು. ಹಿಂದಿನ ಗೋಡೆಯ ಭಿತ್ತಿಪತ್ರದಲ್ಲಿಯೂ ಒಬ್ಬ ನರ್ತಕಿ ಹಾಗೆಯೇ ಜಿಗಿಯುತ್ತಿದ್ದಾಳೆ. ಅಂಥದ್ದು ಅದೃಷ್ಟವಿಲ್ಲದೆ ಸಿಗುವುದಿಲ್ಲ. ಆದರೆ ಆ ಸಂದಿನಲ್ಲಿ ಕಣ್ಣಿಟ್ಟವರಿಗಲ್ಲದೆ ಆ ಅದೃಷ್ಟ ಬೇರೆ ಯಾರಿಗೂ ಸಿಗುವಂತಿರಲಿಲ್ಲ. ಕ್ಷಣವನ್ನು ಬೆನ್ನಟ್ಟುವುದಕ್ಕಿಂತ ಅದು ಬರಬಹುದಾದ ಜಾಗದಲ್ಲಿ ಮೊದಲೇ ನಿಂತಿರುವುದು ಸುಲಭ. ಹಿನ್ನೆಲೆಯನ್ನು ಆರಿಸಿ, ಚೌಕಟ್ಟನ್ನು ಕಟ್ಟಿಕೊಂಡು, ಅದರೊಳಗೆ ಯಾರಾದರೂ ಬರಲಿ ಎಂದು ಕಾಯಿರಿ.

ಮಾನವನ ಆಕೃತಿ ಕಾಣುವ ಅತಿ ಹಳೆಯ ಛಾಯಾಚಿತ್ರವೆಂದು ಸಾಮಾನ್ಯವಾಗಿ ಹೆಸರಿಸುವುದು ಒಂದು ಬೀದಿಯ ಚಿತ್ರವನ್ನೇ. 1838ರಲ್ಲಿ ಲೂಯಿ ಡಾಗೆರ್ ತಮ್ಮ ಕಿಟಕಿಯಿಂದ ಪ್ಯಾರಿಸ್ಸಿನ ಜನನಿಬಿಡ ರಸ್ತೆಯೊಂದನ್ನು ಚಿತ್ರಿಸಿದರು. ಚಿತ್ರ ಮೂಡುವ ಫಲಕಕ್ಕೆ ಹಲವು ನಿಮಿಷಗಳ ಬೆಳಕು ಬೇಕಾಗಿದ್ದುದರಿಂದ ಬಂಡಿಗಳೂ ನಡೆಯುವವರೂ ಅಳಿಸಿಹೋಗಿ ರಸ್ತೆ ಬರಿದಾಗಿ ಕಾಣುತ್ತದೆ. ಉಳಿದವನು ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬ, ಅವನ ಜೊತೆಗೆ ಮಸುಕಾಗಿ ಪಾಲಿಶ್ ಹಾಕುವವನು. ಅಂದು ನಿಂತವನು ಚಿತ್ರದಲ್ಲಿ ಉಳಿದ. ಇಂದು ನಿಲ್ಲಬೇಕಾದವರು ಚಿತ್ರ ತೆಗೆಯುವ ನಾವು.

ಇನ್ನು ಯಂತ್ರದ ಕಡೆಯ ವಿಳಂಬ. ಸ್ವಯಂಚಾಲಿತ ಫೋಕಸ್ ತಡಕಾಡುವಷ್ಟರಲ್ಲಿ ಜನ ಮುಂದೆ ಹೋಗಿರುತ್ತಾರೆ, ಆದ್ದರಿಂದ ಅದನ್ನು ನಿಲ್ಲಿಸಿ ದೂರವನ್ನು ಮೊದಲೇ ನಿಗದಿ ಮಾಡಿಕೊಳ್ಳಿ. 36×24 ಮಿ.ಮೀ. ಸಂವೇದಕದ ಕ್ಯಾಮೆರಾದಲ್ಲಿ 28 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರನ್ನು (ಬೆಳಕು ಒಳಬರುವ ಲೆನ್ಸಿನ ತೆರಪನ್ನು) ಎಫ್ 8 ಎಂಬ ಅಳತೆಗೆ ಇಟ್ಟು, ಫೋಕಸನ್ನು ಸುಮಾರು 3.3 ಮೀಟರಿಗೆ ನಿಲ್ಲಿಸಿದರೆ, ಸುಮಾರು 1.7 ಮೀಟರಿನಿಂದ ಆಚೆಗೆ ಇರುವುದೆಲ್ಲವೂ ಸಾಕಷ್ಟು ಸ್ಫುಟವಾಗಿ ಮೂಡುತ್ತದೆ. 35 ಮಿ.ಮೀ. ಲೆನ್ಸಾದರೆ ಅದೇ ಎಫ್ 8ರಲ್ಲಿ ಫೋಕಸನ್ನು 5 ಮೀಟರಿಗೆ ಇಡಬೇಕು. ಆಗ ಸ್ಫುಟತೆ ಸುಮಾರು 2.5 ಮೀಟರಿನಿಂದ ಶುರುವಾಗುತ್ತದೆ. ನಡೆಯುವವರಿಗೆ ಶಟರ್ ವೇಗ 1/250 ಸೆಕೆಂಡು, ಓಡುವವರಿಗೆ 1/500 ಅಥವಾ ಅದಕ್ಕಿಂತ ಹೆಚ್ಚಿನ ವೇಗ ಇರಲಿ, ಐಎಸ್ಒವನ್ನು, ಅಂದರೆ ಬೆಳಕಿಗೆ ಸಂವೇದಕ ತೋರುವ ಸೂಕ್ಷ್ಮತೆಯನ್ನು, ಕ್ಯಾಮೆರಾಕ್ಕೆ ಬಿಡಿ. ಆಮೇಲೆ ಕೈಗೆ ಗುಂಡಿ ಒತ್ತುವುದೊಂದೇ ಕೆಲಸ.

ಪ್ರಶ್ನೆ: ಅಪರಿಚಿತರ ಎದುರು ಕ್ಯಾಮೆರಾ ಎತ್ತಲು ಅಂಜಿಕೆಯಾಗುತ್ತದೆ. ದೂರದಿಂದ, ಉದ್ದ ಲೆನ್ಸಿನಲ್ಲಿ, ಅವರಿಗೆ ತಿಳಿಯದಂತೆ ತೆಗೆಯುವುದು ವಾಸಿಯಲ್ಲವೇ?

ಉತ್ತರ: ವಾಸಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಅಂಜಿಕೆ ದೊಡ್ಡವರಿಗೂ ಇತ್ತೆಂದು ಹೇಳದಿದ್ದರೆ ತಪ್ಪಾಗುತ್ತದೆ. ಹೆಲೆನ್ ಲೆವಿಟ್ ನ್ಯೂಯಾರ್ಕಿನ ಬೀದಿಗಳಲ್ಲಿ ಆಡುವ ಮಕ್ಕಳನ್ನು ತೆಗೆಯುವಾಗ ತಮ್ಮ ಲೈಕಾ ಕ್ಯಾಮೆರಾಕ್ಕೆ ಅಡ್ಡ ನೋಟದ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಹಾಕಿಕೊಂಡಿದ್ದರು. ಅವರು ಬೇರೆ ಕಡೆಗೆ ತಿರುಗಿ ನಿಂತಂತೆ ಕಾಣುತ್ತಿತ್ತು. ವಾಕರ್ ಎವಾನ್ಸ್ 1938ರಿಂದ 1941ರವರೆಗೆ ಅದೇ ನಗರದ ಸುರಂಗ ರೈಲಿನಲ್ಲಿ ಕೋಟಿನ ಒಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ಎದುರು ಕುಳಿತವರ ಮುಖಗಳನ್ನು ತೆಗೆದರು. ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ. ತೆಗೆದ ಕೈಗೇ ಅಷ್ಟು ವರ್ಷ ಸಂಕೋಚವಿತ್ತೋ ಏನೋ ಎಂದು ನನಗೆ ಅನ್ನಿಸುವುದುಂಟು. ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ಬಾಳಿದ ವಿವಿಯನ್ ಮೇಯರ್ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿ ನೋಡುತ್ತಿದ್ದರು. ತಲೆ ತಗ್ಗಿಸಿದವರ ಬಗ್ಗೆ ಜನಕ್ಕೆ ಭಯ ಕಡಿಮೆ. ಅವರ ಬಹುಪಾಲು ಕೆಲಸ ಲೋಕಕ್ಕೆ ತಿಳಿದದ್ದು 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದ ಮೇಲೆ, 2009ರಲ್ಲಿ ಅವರು ತೀರಿಕೊಂಡ ಮೇಲೆ.

ಗಮನಿಸಿ, ಇವರೆಲ್ಲರೂ ಅಡಗಿಕೊಂಡದ್ದು ಹತ್ತಿರದಲ್ಲಿಯೇ. ಉದ್ದ ಲೆನ್ಸ್ ನಿಮ್ಮನ್ನು ಮರೆಮಾಡುವುದೇನೋ ನಿಜ, ಜೊತೆಗೆ ಬೀದಿಯನ್ನೂ ಮರೆಮಾಡುತ್ತದೆ. ಒಂದು ಮುಖ ಸಿಗುತ್ತದೆ. ಆ ಮುಖ ಯಾವುದರ ಕಡೆಗೆ ತಿರುಗಿತ್ತು, ಪಕ್ಕದಲ್ಲಿ ಯಾರಿದ್ದರು, ನೆರಳು ಎತ್ತ ಬಿದ್ದಿತ್ತು ಎಂಬುದು ಕೈತಪ್ಪುತ್ತದೆ. ಹತ್ತಿರ ಹೋಗಿ ನಿಂತಲ್ಲೇ ನಿಂತಿರಿ. ಐದು ನಿಮಿಷ ಜನ ನಿಮ್ಮನ್ನು ನೋಡುತ್ತಾರೆ. ಆಮೇಲೆ ನೀವೂ ಒಂದು ದೀಪದ ಕಂಬ. ಯಾರಾದರೂ ನೋಡಿದರೆ ತಟ್ಟನೆ ಕ್ಯಾಮೆರಾ ಇಳಿಸಿ ಕಳ್ಳನಂತೆ ಮುಖ ತಿರುಗಿಸಬೇಡಿ. ನಸುನಗು ಸಾಕು. ಕೇಳಿದವರಿಗೆ ಚಿತ್ರವನ್ನು ತೋರಿಸಿ, ಏಕೆ ತೆಗೆದಿರಿ ಎಂಬುದನ್ನು ಒಂದು ವಾಕ್ಯದಲ್ಲಿ ನಿಜವಾಗಿ ಹೇಳಿ, ಬೇಡವೆಂದರೆ ಅವರೆದುರೇ ಅಳಿಸಿಬಿಡಿ.

ಪ್ರಶ್ನೆ: ಸಾರ್ವಜನಿಕ ಜಾಗದಲ್ಲಿ ಯಾರ ಚಿತ್ರವನ್ನಾದರೂ ಕೇಳದೆ ತೆಗೆಯಬಹುದು ಎಂದು ಒಬ್ಬರು, ಅದು ಅಪರಾಧ ಎಂದು ಮತ್ತೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ನೀವು ನಿಂತಿರುವ ದೇಶದ ಕಾನೂನು ಏನನ್ನುತ್ತದೋ ಅದು. 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಕ್ವಿಬೆಕ್ ಪ್ರಾಂತ್ಯದ ಪ್ರಕರಣವೊಂದರಲ್ಲಿ, ಕಟ್ಟಡದ ಮೆಟ್ಟಿಲಿನ ಮೇಲೆ ಕುಳಿತಿದ್ದ ಹದಿನೇಳರ ಹುಡುಗಿಯೊಬ್ಬಳ ಚಿತ್ರವನ್ನು ಅವಳ ಒಪ್ಪಿಗೆಯಿಲ್ಲದೆ ಪತ್ರಿಕೆಯಲ್ಲಿ ಪ್ರಕಟಿಸಿದ್ದಕ್ಕೆ 2,000 ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು. 2006ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಅವರು ಬೀದಿಯಲ್ಲಿ ಅಪರಿಚಿತರೊಬ್ಬರಿಗೆ ತಿಳಿಯದಂತೆ ತೆಗೆದು ಪ್ರದರ್ಶಿಸಿ ಮಾರಿದ ಚಿತ್ರವನ್ನು ಕಲಾಭಿವ್ಯಕ್ತಿಯೆಂದು ಪರಿಗಣಿಸಿ, ಚಿತ್ರದಲ್ಲಿದ್ದವರು ಹೂಡಿದ ದಾವೆಯನ್ನು ವಜಾ ಮಾಡಿತು. ತೆಗೆಯುವುದು, ಪ್ರಕಟಿಸುವುದು, ಜಾಹೀರಾತಿಗೆ ಬಳಸುವುದು ಈ ಮೂರಕ್ಕೂ ನಿಯಮಗಳು ಬೇರೆ ಬೇರೆ ಇರಬಹುದೆಂಬುದನ್ನು ಮರೆಯಬೇಡಿ; ಜಾಹೀರಾತಿಗಾದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಕಾನೂನು ಬಿಟ್ಟಲ್ಲೆಲ್ಲ ತೆಗೆಯಬೇಕೆಂದೇನೂ ಇಲ್ಲ. ನಾನು ಹಲವು ವರ್ಷಗಳ ಹಿಂದೆ ಬೆಂಚಿನ ಮೇಲೆ ಮಲಗಿದ್ದ ಒಬ್ಬರ ಚಿತ್ರ ತೆಗೆದು, ಅದಕ್ಕೆ ‘ಒಂಟಿತನ’ ಎಂದು ಹೆಸರಿಟ್ಟು ಪ್ರದರ್ಶನಕ್ಕೆ ಇಟ್ಟಿದ್ದೆ. ನೋಡಲು ಬಂದವರೊಬ್ಬರು ಚಿತ್ರದ ಮುಂದೆ ನಿಂತು ನಗತೊಡಗಿದರು. ಮಲಗಿದ್ದವರು ಅವರ ಸಹೋದ್ಯೋಗಿಯಂತೆ. ರಾತ್ರಿ ಪಾಳಿ ಮುಗಿಸಿ ಮೊದಲ ಬಸ್ಸಿಗೆ ಕಾಯುತ್ತ ಹಾಗೆ ಮಲಗುವುದು ಅವರ ರೂಢಿಯಂತೆ. ಮನೆಯಲ್ಲಿ ಎಂಟು ಜನರಂತೆ. ‘ಅವರಿಗೆ ಒಂಟಿಯಾಗಿರಲು ಸಿಗುವುದು ಅದೊಂದೇ ಹೊತ್ತು ಸ್ವಾಮಿ’ ಎಂದರು. ಅಂದೇ ಹೆಸರಿನ ಚೀಟಿಯನ್ನು ಕಿತ್ತೆ, ಮಾರನೆಯ ದಿನ ಚಿತ್ರವನ್ನೂ ಇಳಿಸಿದೆ. ನಿದ್ದೆಯಲ್ಲಿರುವವರು, ಅಳುತ್ತಿರುವವರು, ಗಾಯಗೊಂಡವರು ಬೇಡವೆನ್ನಲಾರದ ಸ್ಥಿತಿಯಲ್ಲಿರುತ್ತಾರೆ. ಅವರ ಎದುರು ನನ್ನ ಕ್ಯಾಮೆರಾ ಈಗ ಏಳುವುದಿಲ್ಲ. ಮಕ್ಕಳಾದರೆ ಜೊತೆಗಿರುವ ಹಿರಿಯರನ್ನು ಕೇಳುತ್ತೇನೆ. ಇದರಿಂದ ಕೆಲವು ಒಳ್ಳೆಯ ಚಿತ್ರಗಳು ತಪ್ಪಿಹೋಗಿವೆ, ಹೋಗಲಿ.

ಪ್ರಶ್ನೆ: ದಾಟಿಹೋದವರನ್ನು ಕರೆದು ‘ಇನ್ನೊಮ್ಮೆ ಹಾಗೆಯೇ ನಡೆಯಿರಿ’ ಎಂದು ಕೇಳಬಹುದೇ?

ಉತ್ತರ: ಕೇಳಬಹುದು, ಅವರು ನಡೆದಾರು ಕೂಡ. ಆದರೆ ಎರಡನೆಯ ಬಾರಿ ನಡೆಯುವವರು ನಿಮಗಾಗಿ ನಡೆಯುತ್ತಾರೆ. ಕೈಗಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ, ಅದು ಚಿತ್ರದಲ್ಲಿ ಕಂಡೇ ಕಾಣುತ್ತದೆ. ರಾಬರ್ಟ್ ಡ್ವಾನೊ 1950ರಲ್ಲಿ ‘ಲೈಫ್’ ಪತ್ರಿಕೆಗಾಗಿ ತೆಗೆದ, ಪ್ಯಾರಿಸ್ಸಿನ ಬೀದಿಯಲ್ಲಿ ಚುಂಬಿಸುತ್ತಿರುವ ಜೋಡಿಯ ಚಿತ್ರವನ್ನು ಲೋಕವೆಲ್ಲ ಸಹಜವೆಂದು ನಂಬಿತ್ತು. ಅದು ಹೇಳಿ ಮಾಡಿಸಿದ್ದೆಂದು 1990ರ ದಶಕದ ಆರಂಭದಲ್ಲಿ, ವಿಷಯ ನ್ಯಾಯಾಲಯಕ್ಕೆ ಹೋದಾಗ ಬಯಲಾಯಿತು. ಚಿತ್ರವೇನೂ ಕೆಡಲಿಲ್ಲ, ನೋಡಿದವರ ನಂಬಿಕೆ ಕೆಟ್ಟಿತು. ಏರ್ಪಡಿಸಿ ತೆಗೆದರೆ ಏರ್ಪಡಿಸಿದ್ದೆಂದು ಬರೆಯಿರಿ.

ಪ್ರಶ್ನೆ: ಬೀದಿ ಚಿತ್ರಗಳಿಗೆ ಕಪ್ಪು ಬಿಳುಪೇ ಒಪ್ಪುತ್ತದೆಯೇ?

ಉತ್ತರ: ಗೊಂದಲದ ಬಣ್ಣಗಳನ್ನು ಅಡಗಿಸಲು ಅದನ್ನು ಬಳಸುವುದಾದರೆ ಒಪ್ಪುವುದಿಲ್ಲ. ಬಣ್ಣ ತೆಗೆದುಬಿಟ್ಟರೆ ಸಾಧಾರಣ ಚಿತ್ರಕ್ಕೂ ಹಳೆಯ ಕಾಲದ ಗೌರವ ಬರುತ್ತದೆ, ಅದರಿಂದಲೇ ಮೋಸ ಹೋಗುತ್ತೇವೆ. ನೆರಳು ಮತ್ತು ಆಕಾರವೇ ನಿಮ್ಮ ವಿಷಯವಾದರೆ ಕಪ್ಪು ಬಿಳುಪು. ಕೆಂಪು ಕೊಡೆಯೇ ವಿಷಯವಾದರೆ ಅದರ ಕೆಂಪನ್ನು ಕಿತ್ತು ಏನು ಮಾಡುತ್ತೀರಿ? ತೆಗೆಯುವ ಮೊದಲೇ ತೀರ್ಮಾನಿಸಿ.

ಪ್ರಶ್ನೆ: ತಿಂಗಳಿಗೆ ನಾಲ್ಕು ಸಾವಿರ ಚಿತ್ರಗಳನ್ನು ತೆಗೆಯುತ್ತೇನೆ. ಆರಿಸಲು ಕುಳಿತರೆ ಎಲ್ಲವೂ ಚೆನ್ನಾಗಿವೆ ಅನ್ನಿಸುತ್ತದೆ, ಇಲ್ಲವೇ ಒಂದೂ ಚೆನ್ನಾಗಿಲ್ಲ ಅನ್ನಿಸುತ್ತದೆ.

ಉತ್ತರ: ಅಂದೇ ರಾತ್ರಿ ಆರಿಸಲು ಕೂರುತ್ತೀರೆಂದು ಕಾಣುತ್ತದೆ. ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ತಾವು ತೆಗೆದ ಫಿಲಂ ರೋಲುಗಳನ್ನು ಬೇಕೆಂದೇ ಒಂದು ವರ್ಷದಷ್ಟು ಕಾಲ ಸಂಸ್ಕರಿಸದೆ ಇಡುತ್ತಿದ್ದರು. ಚಿತ್ರ ತೆಗೆದಾಗಿನ ಉಲ್ಲಾಸವನ್ನು ಮರೆತ ಮೇಲೆಯೇ ಚಿತ್ರವನ್ನು ಚಿತ್ರವಾಗಿ ನೋಡಲು ಸಾಧ್ಯ ಎಂಬುದು ಅವರ ಎಣಿಕೆ. ಮಳೆಯಲ್ಲಿ ಒಂದು ಗಂಟೆ ಕಾದು ತೆಗೆದದ್ದು ನಿಮಗೆ ಪ್ರಿಯ. ಆದರೆ ನೋಡುವವರಿಗೆ ಆ ಒಂದು ಗಂಟೆ ಕಾಣುವುದಿಲ್ಲ. ಇದೇ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ಸಂಸ್ಕರಿಸದ ಸುಮಾರು 2,500 ರೋಲುಗಳು ಉಳಿದಿದ್ದವು ಎಂಬುದನ್ನೂ ಹೇಳಬೇಕು. ರೋಲಿಗೆ 36ರಂತೆ ಲೆಕ್ಕ ಹಾಕಿದರೆ 90,000 ಚಿತ್ರಗಳು, ತೆಗೆದವರೇ ನೋಡದವು. ನಿಮ್ಮ ನಾಲ್ಕು ಸಾವಿರದ ದಾರಿ ಹೋಗುವುದು ಅತ್ತ ಕಡೆಗೇ.

ಒಂದು ತಿಂಗಳು ಮುಚ್ಚಿಡಿ. ಆಮೇಲೆ ನೂರನ್ನು ಆರಿಸಿ ಸಣ್ಣ ಗಾತ್ರದಲ್ಲಿ ಮುದ್ರಿಸಿ ನೆಲದ ಮೇಲೆ ಹರಡಿ. ಪರದೆಯ ಮೇಲೆ ಒಂದಾದ ಮೇಲೊಂದು ಬರುವಾಗ ಕಾಣದ ಪುನರಾವರ್ತನೆ ನೆಲದ ಮೇಲೆ ಥಟ್ಟನೆ ಕಾಣುತ್ತದೆ. ನನಗೆ ಹೀಗೆ ಒಮ್ಮೆ ನೂರರಲ್ಲಿ ಮೂವತ್ತು ಚಿತ್ರಗಳು ಬೆನ್ನು ತಿರುಗಿಸಿದವರವೆಂದು ತಿಳಿದು ನಾಚಿಕೆಯಾಯಿತು. ಅಂಜಿಕೆ ಹೋಗಿದೆ ಎಂದುಕೊಂಡಿದ್ದೆ, ಹೋಗಿರಲಿಲ್ಲ.

ಪ್ರಶ್ನೆ: ಇತ್ತೀಚೆಗೆ ಬೀದಿಯಲ್ಲಿ ನಡೆಯುವಾಗ ನನಗೆ ಎಲ್ಲವೂ ಚೌಕಟ್ಟಾಗಿಯೇ ಕಾಣುತ್ತದೆ. ಜೊತೆಗೆ ಬರುವ ಆರು ವರ್ಷದ ಮಗಳು ‘ಅಪ್ಪ ನನ್ನ ಮಾತು ಕೇಳುವುದೇ ಇಲ್ಲ’ ಎನ್ನುತ್ತಾಳೆ. ಇದು ಸಹಜವೇ?

ಉತ್ತರ: ಸಹಜ, ಆದರೆ ಮಗಳು ಹೇಳುವುದೇ ಸರಿ. ಚೌಕಟ್ಟಿನ ಗೀಳು ಹಿಡಿದವರಿಗೆ ಶಬ್ದ ಕೇಳಿಸುವುದಿಲ್ಲ, ವಾಸನೆ ತಿಳಿಯುವುದಿಲ್ಲ; ಬೀದಿಯಲ್ಲಿ ಮುಂದೇನಾಗುತ್ತದೆ ಎಂಬ ಸುಳಿವು ಎಷ್ಟೋ ಸಲ ಕಿವಿಗೇ ಮೊದಲು ಬರುವುದು. ಒಂದು ತಿಂಗಳು ಅವಳೊಂದಿಗೆ ಹೊರಡುವಾಗ ಕ್ಯಾಮೆರಾ ಮನೆಯಲ್ಲಿರಲಿ. ದಾರಿಯುದ್ದಕ್ಕೂ ಅವಳು ಏನನ್ನು ನೋಡಿ ನಿಲ್ಲುತ್ತಾಳೆಂದು ಗಮನಿಸಿ. ಅವಳ ಕಣ್ಣು ನಿಮ್ಮ ಸೊಂಟದ ಮಟ್ಟದಲ್ಲಿದೆ. ವಿವಿಯನ್ ಮೇಯರ್ ಅವರ ಕ್ಯಾಮೆರಾ ಇದ್ದುದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ. ಕಾರುಗಳ ಬಾಗಿಲಿನಲ್ಲಿ ಮೂಡುವ ಪ್ರತಿಬಿಂಬ, ಜನ ಬೆನ್ನ ಹಿಂದೆ ಹೆಣೆದುಕೊಂಡ ಬೆರಳುಗಳು, ಕಟ್ಟೆಯ ಕೆಳಗೆ ಮಲಗಿದ ನಾಯಿ, ಇವೆಲ್ಲ ಆ ಎತ್ತರದವು. ತಿಂಗಳು ಕಳೆದ ಮೇಲೆ ಕ್ಯಾಮೆರಾದ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿ, ಎಲ್ಲಿ ನಿಲ್ಲಬೇಕೆಂಬುದನ್ನು ಅವಳಿಗೇ ಬಿಡಿ. ತೆಗೆದ ಚಿತ್ರಗಳನ್ನು ನಮಗೂ ಕಳುಹಿಸಿ.